ರಾಹುಕಾಲಕ್ಕೆ ಮುಂಚೆ ಹಾಕಿದ ಬೀಗ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನ ಮನೆ ಹುಡುಕಿಕೊಂಡು ಬಂದು ಮೊದಲು ಕೇಳುವುದು ಒಂದೇ ಮಾತು: ‘ಮೇಡಂ, ಮಂದಿ ಬೈತಾರೇನ್ರಿ?’ ಬೈಯುತ್ತಾರೆ. ಬೈಯದೆ ಆರತಿ ಎತ್ತುತ್ತಾರೆಯೇ? ಅವರ ಮನೆಗೆ ಬೀಗ ಹಾಕಲು ಹೋದವರು ನಾವು. ಬೈದರೆ ಬೈಸಿಕೊಳ್ಳಿ, ಸಂಬಳದಲ್ಲಿ ಅದೂ ಸೇರಿದೆ. ಬೈಯದವರ ಹತ್ತಿರ ಮಾತ್ರ ಹುಷಾರಾಗಿರಿ ಎನ್ನುತ್ತೇನೆ. ಯಾಕೆ ಎಂದು ಪ್ರತಿಯೊಬ್ಬರಿಗೂ ಹೇಳಿ ಬಾಯಿ ನೋಯಿಸಿಕೊಳ್ಳುವುದಕ್ಕಿಂತ ಒಮ್ಮೆ ಬರೆದುಬಿಡೋಣ ಎಂದು ಕೂತಿದ್ದೇನೆ.

ನನ್ನ ಹೆಸರು ಹುಲಿಗೆಮ್ಮ. ಮಾನ್ವಿ ತಾಲ್ಲೂಕಿನ ಪೋತ್ನಾಳದವಳು. ಬ್ಯಾಂಕುಗಳ ಬಾಕಿ ಸಾಲ ವಸೂಲು ಮಾಡುವ ನ್ಯಾಯಮಂಡಳಿಯಲ್ಲಿ ವಸೂಲಾತಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತಳಾದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಹಿಂದಿನ ಕಾಲದ ಕೋರ್ಟಿನ ಅಮೀನನದು. ಮಂಡಳಿ ಇದ್ದದ್ದು ಬೆಂಗಳೂರಿನಲ್ಲಿ. ರಾಯಚೂರು ಕಡೆಯ ಕಡತ ಬಂದರೆ ಸಾಕು, ‘ನಿಮ್ಮ ಊರಿಂದು ಬಂತು ನೋಡಮ್ಮ’ ಎಂದು ನನ್ನ ಮೇಜಿನ ಮೇಲೆ ಒಗೆಯುತ್ತಿದ್ದರು. ತವರಿಗೆ ಕಳಿಸುವ ಉಪಕಾರ ಎಂದು ಅವರು ತಿಳಿದಿದ್ದರು. ಮಾನ್ವಿಯಲ್ಲಿ ಜಪ್ತಿ, ದೇವದುರ್ಗದಲ್ಲಿ ಹರಾಜು, ರಾಯಚೂರಿನಲ್ಲಿ ಬೀಗ. ಇಂಥ ತವರು ಯಾರಿಗೂ ಬೇಡ.

ಕೆಲಸ ಹೀಗೆ. ಸಾಲ ವಾಪಸು ಬರದಿದ್ದರೆ ಬ್ಯಾಂಕು ಮಂಡಳಿಗೆ ಅರ್ಜಿ ಹಾಕುತ್ತದೆ. ವಿಚಾರಣೆ ಮುಗಿದು ಸಾಲಗಾರ ಕೊಡಲೇಬೇಕು ಎಂದು ತೀರ್ಮಾನವಾದರೆ ಆ ಕಾಗದ ವಸೂಲಾತಿ ಅಧಿಕಾರಿಯ ಕೈಗೆ ಬರುತ್ತದೆ. ಅವರು ಕೂತಲ್ಲೇ ಸಹಿ ಮಾಡುತ್ತಾರೆ, ನಾವು ಬಸ್ಸು ಹತ್ತುತ್ತೇವೆ. ಸಣ್ಣ ಸಾಲ ನಮ್ಮ ತನಕ ಬರುವುದೇ ಇಲ್ಲ. ಎತ್ತು ಕೊಳ್ಳಲು ಸಾಲ ಮಾಡಿದವನನ್ನು ನಾನು ಇಡೀ ನೌಕರಿಯಲ್ಲಿ ಕಂಡಿಲ್ಲ. ಅಕ್ಕಿ ಗಿರಣಿಯವರು, ಹತ್ತಿ ಜಿನ್ನಿಂಗಿನವರು, ಕಲ್ಯಾಣಮಂಟಪ ಕಟ್ಟಿದವರು, ಇಂಥವರೇ ನಮ್ಮ ಗಿರಾಕಿಗಳು. ಜೊತೆಗೆ ಇವರಿಗೆಲ್ಲ ಜಾಮೀನು ಹಾಕಿದ ಪಾಪದ ಮಂದಿ. ಸಾಲ ತಿಂದವನು ಹೈದರಾಬಾದಿಗೆ ಹೋಗಿ ಆರಾಮ ಇರುತ್ತಾನೆ, ಜಾಮೀನು ಹಾಕಿದವನು ಮನೆಯಲ್ಲಿ ಸಿಗುತ್ತಾನೆ. ಕಾನೂನಿಗೆ ಇಬ್ಬರೂ ಒಂದೇ.

ನನ್ನ ಮೊದಲ ಸಾಹೇಬರು ಊಟದ ಮನುಷ್ಯ. ಮಾನ್ವಿ ಹೊರಗಿನ ಒಂದು ಅಕ್ಕಿ ಗಿರಣಿಯ ಯಂತ್ರಗಳನ್ನು ಜಪ್ತಿ ಮಾಡಲು ಹೋಗಿದ್ದೆವು. ಮಾಲೀಕ ಬಾಗಿಲಿಗೇ ಬಂದು ಕೈಮುಗಿದ. ‘ಬರ್ರಿ ಸಾಹೇಬ್ರ, ಬಿಸಿಲಾಗ ಬಂದೀರಿ. ಮೊದ್ಲು ಊಟ, ಆಮ್ಯಾಲ ಜಪ್ತಿ. ಜಪ್ತಿ ಎಲ್ಲಿಗೆ ಓಡಿ ಹೋಗ್ತದ?’ ಎಂದ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಸಾಹೇಬರು ಎರಡನೇ ಸಲ ಮೊಸರು ಹಾಕಿಸಿಕೊಂಡರು. ಕೈ ತೊಳೆದು ಗಿರಣಿ ಒಳಗೆ ಹೋಗಿ ನೋಡಿದರೆ ಯಂತ್ರಗಳ ಬುಡದಲ್ಲಿ ಬೋಲ್ಟು ಬಿಚ್ಚಿದ ತೂತುಗಳು ಕಾಣುತ್ತಿದ್ದವು. ಮೋಟಾರುಗಳು ಒಂದೂ ಇಲ್ಲ. ಹಿಂದಿನ ಗೇಟಿನ ಹತ್ತಿರ ಟ್ರ್ಯಾಕ್ಟರಿನ ಗಾಲಿಯ ಗುರುತು ಇನ್ನೂ ಹಸಿಯಾಗಿತ್ತು. ಮಾಲೀಕ ಎಲೆ ಅಡಿಕೆ ತಟ್ಟೆ ಹಿಡಿದು ನಿಂತಿದ್ದ. ಸಾಹೇಬರು ಎಲೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ನನ್ನ ಮುಖ ನೋಡಿದರು. ‘ತಗೋರಿ ಸರ್, ಇನ್ನೇನು ಉಳದದ’ ಎಂದೆ.

ಅಂದಿನಿಂದ ನನ್ನ ಪದ್ಧತಿ ಒಂದು. ಬೀಗ ಬೀಳುವ ತನಕ ಆ ಮನೆಯ ನೀರೂ ಮುಟ್ಟುವುದಿಲ್ಲ. ನೀವೂ ಹಾಗೇ ಮಾಡಿ.

ಇನ್ನು ಹಲಗೆಯ, ಅಂದರೆ ತಮಟೆಯ ವಿಷಯ. ಜಮೀನು, ಮನೆ ಹರಾಜು ಹಾಕುವ ಮುಂಚೆ ಆ ಜಾಗದಲ್ಲೇ ಡಂಗುರ ಸಾರಬೇಕು ಎಂಬುದು ನಿಯಮ. ಇಂಥವರ ಆಸ್ತಿ ಇಂಥ ದಿನ ಹರಾಜಾಗುತ್ತದೆ ಎಂದು ಹಲಗೆ ಬಡಿದು, ಗಟ್ಟಿಯಾಗಿ ಓದಿ, ಕಾಗದವನ್ನು ಗೋಡೆಗೆ ಅಂಟಿಸಬೇಕು. ಈಗ ಹರಾಜು ಕಂಪ್ಯೂಟರಿನಲ್ಲೇ ನಡೆಯುತ್ತದೆ. ಮುಂಬೈಯಲ್ಲಿ ಕೂತವನೂ ಮಾನ್ವಿಯ ಗಿರಣಿಗೆ ಬೆಲೆ ಕೂಗಬಹುದು. ಆದರೂ ಹಲಗೆ ಹೋಗಿಲ್ಲ. ಈಗಿನವರು ಎರಡು ಏಟು ಬಡಿಸಿ, ಮೊಬೈಲಿನಲ್ಲಿ ಫೋಟೋ ಹೊಡೆದು ಹೊರಡುತ್ತಾರೆ. ಅದು ಡಂಗುರವಲ್ಲ, ಫೋಟೋ.

ನನಗೆ ಹಲಗೆಯ ಮೇಲೆ ಯಾಕಿಷ್ಟು ಸಿಟ್ಟು, ಯಾಕಿಷ್ಟು ಅಭಿಮಾನ ಎಂದರೆ, ನನ್ನಪ್ಪ ದುರುಗಪ್ಪ ಪೋತ್ನಾಳದಲ್ಲಿ ಹಲಗೆ ಬಡಿಯುವವನು. ಊರಿನ ಡಂಗುರ, ಸತ್ತವರ ಮನೆ, ದೇವಿಯ ಕಾರ್ಯ ಎಲ್ಲದಕ್ಕೂ ಅವನನ್ನು ಕರೆಯುತ್ತಿದ್ದರು. ಕರೆದವರು ಅಂಗಳದಲ್ಲಿ ನಿಲ್ಲಿಸಿ, ಮೇಲಿನಿಂದ ಕಾಳು ಸುರಿದು ಕಳಿಸುತ್ತಿದ್ದರು. ಸೆರಗು ಹಿಡಿದು ಕಾಳು ತುಂಬಿಕೊಂಡವಳು ನಾನು. ಓದಿ, ಪರೀಕ್ಷೆ ಬರೆದು ನೌಕರಿ ಹಿಡಿದಾಗ ‘ಇನ್ನ ನಮ್ಮ ಮನಿಯಿಂದ ಹಲಗಿ ಹೋತವಾ’ ಎಂದು ಅಪ್ಪ ಖುಷಿಪಟ್ಟಿದ್ದ. ಎಲ್ಲಿಗೆ ಹೋಗುತ್ತದೆ? ನನ್ನ ಕಡತದಲ್ಲೇ ಕೂತಿತ್ತು.

ದೇವದುರ್ಗದಲ್ಲಿ ಒಬ್ಬ ದೊಡ್ಡ ಗುತ್ತಿಗೆದಾರನ ಕಲ್ಯಾಣಮಂಟಪ ಹರಾಜಿಗೆ ಬಂದಿತ್ತು. ಡಂಗುರಕ್ಕೆ ಹೇಳಿದ್ದ ಮುದುಕ ಹಲಗೆ ಸಮೇತ ಬಂದವನು ಮಂಟಪದ ಗೇಟು ಕಂಡೊಡನೆ ಕೂತುಬಿಟ್ಟ. ‘ಯವ್ವಾ, ನೀವು ಸಂಜಿಗೆ ಬಸ್ ಹತ್ತಿ ಹೋಗ್ತೀರಿ. ನಾ ನಾಳಿ ಇದೇ ಊರಾಗ ಬಾಳ್ವಿ ಮಾಡಬೇಕು’ ಎಂದ. ಅವನ ಮಾತು ಖರೆ. ಬಯ್ಯಲು ನನಗೆ ಬಾಯಿ ಬರಲಿಲ್ಲ. ‘ಹಲಗಿ ಕೊಡಪಾ ಇಲ್ಲಿ’ ಎಂದೆ. ಗೇಟಿನ ಮುಂದೆಯೇ ಒಂದಿಷ್ಟು ಕಾಗದ, ಕಟ್ಟಿಗೆ ಹಚ್ಚಿ ಹಲಗೆ ಕಾಯಿಸಿದೆ. ಕಾಯದ ಹಲಗೆ ಮಾತಾಡುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಡಿದೆ ನೋಡಿ, ಸಂತೆಗೆ ಬಂದ ಮಂದಿಯೆಲ್ಲ ಇತ್ತ ಓಡಿ ಬಂದರು.

ಗುತ್ತಿಗೆದಾರ ಮಹಡಿಯ ಮೇಲಿಂದ ನಕ್ಕ. ‘ಸರಕಾರಿ ನೌಕರಿ ಸಿಕ್ಕರೂ ಕುಲಕಸಬು ಬಿಡಲಿಲ್ಲ ನೋಡು’ ಎಂದ.

‘ನಾ ಬಿಟ್ಟಿದ್ದೆರೀ ಧಣೇರ. ನಿಮ್ಮ ಸಾಲ ಬಿಡವಲ್ದು’ ಎಂದೆ. ಮಂದಿ ಹೋ ಎಂದು ನಕ್ಕರು. ಮುದುಕ ಮಾತ್ರ ನಗಲಿಲ್ಲ. ಹಲಗೆ ವಾಪಸು ಇಸಿದುಕೊಂಡು, ‘ಯಾರ ಮಗಳವಾ ನೀನು?’ ಎಂದು ಮೆಲ್ಲಗೆ ಕೇಳಿದ. ಹೇಳಿದೆ. ಆ ಸುದ್ದಿ ನನಗಿಂತ ಮೊದಲು ರಾಯಚೂರು ಮುಟ್ಟಿತು. ಆಮೇಲೆ ಜಿಲ್ಲೆಯಲ್ಲಿ ಎಲ್ಲಿಗೆ ಹೋದರೂ ಹಲಗಿ ಮೇಡಂ ಎಂದೇ ನನ್ನ ಹೆಸರು.

ಹಾಗೆ ಹೆಸರಾದ ಮೇಲೆ ಬಂದದ್ದು ಶ್ಯಾಮಾಚಾರ್ರ ಮನೆಯ ಕೇಸು. ನಾನು ಹೇಳಬೇಕೆಂದಿದ್ದು ಇದನ್ನೇ.

ಶ್ಯಾಮಾಚಾರ್ರು ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಸಂಸ್ಕೃತದ ಮಾಸ್ತರಾಗಿದ್ದವರು. ವೈಷ್ಣವರ ಮನೆತನ, ಮಡಿ ಹುಡಿ ಎಲ್ಲ ಕಟ್ಟುನಿಟ್ಟು. ಅವರ ಹಳೆಯ ಶಿಷ್ಯನೊಬ್ಬ ಹತ್ತಿ ಜಿನ್ನಿಂಗ್ ಗಿರಣಿ ಹಾಕುತ್ತೇನೆಂದು ಬಂದು ಕಾಲಿಗೆ ಬಿದ್ದಾಗ, ಇದ್ದ ಒಂದೇ ಮನೆಯನ್ನು ಜಾಮೀನು ಇಟ್ಟರು. ಗಿರಣಿ ನಿಂತಿತು, ಶಿಷ್ಯ ಫೋನು ಎತ್ತುವುದನ್ನು ನಿಲ್ಲಿಸಿದ. ಮಿಕ್ಕದ್ದು ನಮ್ಮ ಪಾಲಿಗೆ ಬಂತು.

ಡಂಗುರಕ್ಕೆ ಹೋದ ದಿನ ಆಚಾರ್ರು ಹೊರಗೆ ಬಂದು ಕಟ್ಟೆಯ ಮೇಲೆ ನಿಂತು ಪೂರ್ತಿ ಕೇಳಿಸಿಕೊಂಡರು. ನಾನು ಕಾಗದ ಓದಿ ಮುಗಿಸಿದಾಗ, ‘ಸ್ಪಷ್ಟ ಓದಿದಿ. ಯಾವ ಸಾಲ್ಯಾಗ ಕಲ್ತಿ?’ ಎಂದರು.

‘ಪೋತ್ನಾಳ ಸಾಲ್ಯಾಗ್ರೀ.’

‘ಯಾರೋ ಛಲೋ ಮಾಸ್ತರ ಇದ್ದಾನ’ ಎಂದು ಒಳಗೆ ಹೋದರು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನೆಮ್ಮದಿಯಿಂದ ಬಸ್ಸು ಹತ್ತುತ್ತಿದ್ದೆ.

ಮನೆಯನ್ನು ಒಬ್ಬ ಹತ್ತಿ ವ್ಯಾಪಾರಿ ಹರಾಜಿನಲ್ಲಿ ಹಿಡಿದ. ನಾವು ಒಂದು ಶುಕ್ರವಾರ ಮನೆ ಖಾಲಿ ಮಾಡಿಸಿ, ಬೀಗ ಹಾಕಿ ಮೊಹರು ಮಾಡುವುದು, ಸೋಮವಾರ ಕೀಲಿ ಅವನ ಕೈಗೆ ಕೊಡುವುದು ಎಂದು ನಿಗದಿಯಾಯಿತು. ಬೆಳಿಗ್ಗೆ ನಾನು, ಒಬ್ಬ ಪೊಲೀಸ್, ಬ್ಯಾಂಕಿನ ಎಳೆಯ ವಕೀಲ, ಸಾಕ್ಷಿಗೆ ಇಬ್ಬರು ಪಂಚರು ಹೋದೆವು. ವ್ಯಾಪಾರಿ ಆಗಲೇ ಬಂದು ವಾಚು ನೋಡುತ್ತಿದ್ದ. ‘ಮೇಡಂ, ಹತ್ತೂವರಿಗೆ ರಾಹುಕಾಲ ಹತ್ತತದ. ಅದರೊಳಗ ಬೀಗ ಬೀಳಬೇಕ್ರಿ. ರಾಹುಕಾಲದಾಗ ಬೀಗ ಬಿದ್ದ ಮನಿ ನನಗ ಉಳಿಯಂಗಿಲ್ಲ’ ಎಂದು ಒಂದೇ ಸಮನೆ ರಗಳೆ. ಅವನು ಹೇಳಿದ್ದಕ್ಕೆ ನಾನು ಓಡುವವಳಲ್ಲ. ಆದರೆ ಆಚಾರ್ರ ಮನೆಯವರೇ ಬೆಳಗಾಗುವ ಮೊದಲು ಪಾತ್ರೆ ಪಗಡೆ ಎಲ್ಲ ಟೆಂಪೋಗೆ ಏರಿಸಿ ಮುಗಿಸಿದ್ದರು. ತಡ ಮಾಡಲು ಕಾರಣವೇ ಇರಲಿಲ್ಲ.

ಆ ಮನೆಯವರಿಗೆ ಹಿಂದಿನ ದಿನ ಮೊಮ್ಮಗ ಹುಟ್ಟಿದ್ದ. ಸೊಸೆಗೆ ಹೆರಿಗೆಯಾಗಿ ಮಗ ಆಸ್ಪತ್ರೆಯಲ್ಲಿದ್ದ. ಇಲ್ಲಿ ಮುದುಕರು ಗಂಡಹೆಂಡತಿ ಇಬ್ಬರೇ. ಮಗು ಹುಟ್ಟಿದರೆ ಅವರಿಗೆ ಹತ್ತು ದಿನ ಮೈಲಿಗೆ. ಅದನ್ನು ವೃದ್ಧಿ ಎನ್ನುತ್ತಾರೆ. ಆ ಹತ್ತು ದಿನ ಮನೆಯವರು ದೇವರನ್ನು ಮುಟ್ಟುವಂತಿಲ್ಲ, ದೇವರ ಕೋಣೆಗೆ ಕಾಲಿಡುವಂತಿಲ್ಲ. ಹೊರಗಿನವರು ಯಾರಾದರೂ ಮಡಿಯಲ್ಲಿ ಬಂದು ಪೂಜೆ ಮಾಡಬೇಕು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ.

ನಾನು ಕೋಣೆ ಕೋಣೆ ತಿರುಗಿ ನೋಡಿದೆ. ಹಿಂದೆ ಒಂದು ಸಣ್ಣ ಕೋಣೆಯ ಬಾಗಿಲು ಮುಚ್ಚಿತ್ತು. ವಕೀಲ ‘ದೇವರ ಕೋಣಿ ಅದು, ಬೂಟು ಹಾಕ್ಕೊಂಡು ಬ್ಯಾಡ್ರಿ’ ಎಂದು ಪಂಚರನ್ನು ತಡೆದ. ಪೊಲೀಸಿನವನೂ ಬೂಟಿನಲ್ಲಿದ್ದ. ನಾನು ಚಪ್ಪಲಿ ಹೊರಗೇ ಬಿಟ್ಟಿದ್ದೆ, ಹೋಗಬಹುದಿತ್ತು. ಆದರೆ ಅಂಥ ಬಾಗಿಲ ಮುಂದೆ ನಮ್ಮ ಕಾಲು ತಾನಾಗಿ ನಿಲ್ಲುತ್ತದೆ. ಹುಟ್ಟಿದಾಗಿನಿಂದ ನಿಂತು ರೂಢಿಯಾದ ಕಾಲು, ನೌಕರಿ ಸಿಕ್ಕಿತು ಎಂದು ಅದಕ್ಕೆ ಯಾರು ಹೇಳಬೇಕು? ‘ಎಲ್ಲಾ ತಗೊಂಡೀರೇನ್ರಿ ಆಚಾರ್ರ?’ ಎಂದು ಹೊರಗೆ ಬಂದು ಕೇಳಿದೆ. ‘ಹೂಂ, ಎಲ್ಲಾ ಆತು’ ಎಂದರು. ಬೀಗ ಹಾಕಿ, ಅರಗು ಕಾಯಿಸಿ ಮೊಹರು ಒತ್ತಿದೆ. ವ್ಯಾಪಾರಿ ವಾಚು ನೋಡಿ ಕೈಮುಗಿದ.

ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಿದ್ದಾಗ ಪೊಲೀಸಿನವನ ಫೋನು ಬಂತು. ‘ಮೇಡಂ, ಲಗೂನ ಬರ್ರಿ. ಆಚಾರ್ರ ಮನಿ ಮುಂದ ಬಹಳ ಗದ್ದಲ ಆಗಾಕತ್ತದ.’

ಹೋದರೆ ಗದ್ದಲವೇನೂ ಇರಲಿಲ್ಲ, ಅದಕ್ಕಿಂತ ಕೆಟ್ಟದ್ದಿತ್ತು. ಬೀದಿಯವರೆಲ್ಲ ಸುಮ್ಮನೆ ನಿಂತಿದ್ದರು. ಎದುರು ಮನೆಯ ಕಟ್ಟೆಯ ಮೇಲೆ ಶ್ಯಾಮಾಚಾರ್ರು ಕೂತಿದ್ದರು. ಮಡಿ ಪಂಚೆಯಲ್ಲಿ ಇನ್ನೊಬ್ಬರು ಆಚಾರ್ರು ಅವರ ಮುಂದೆ ನಿಂತು ಕೈ ಹಿಸುಕಿಕೊಳ್ಳುತ್ತಿದ್ದರು. ಅವರು ಪವನಾಚಾರ್ರು, ಪಕ್ಕದ ಓಣಿಯವರು. ವೃದ್ಧಿಯ ಹತ್ತು ದಿನ ಪೂಜೆ ಒಪ್ಪಿಕೊಂಡವರು.

‘ಏನ್ರೀ ಶ್ಯಾಮಣ್ಣ, ನಾ ಗುಡಿ ಪೂಜಿ ಮುಗಿಸಿ ಮಧ್ಯಾಹ್ನ ಬಂದು ಪೆಟ್ಟಿಗಿ ಒಯ್ತೀನಿ ಅಂತ ಹೇಳಿದ್ದಿಲ್ಲೇನು?’

‘ನಸಿಕಿನ್ಯಾಗ ಹಿತ್ತಲ ಬಾಗಲ ಸಪ್ಪಳ ಆತು. ನೀ ಬಂದು ಒಯ್ದಿ ಅಂತ ತಿಳದೆ. ಮೈಲಿಗ್ಯಾಗ ಒಳಗ ಹೋಗಿ ಹ್ಯಾಂಗ ನೋಡ್ಲಿ?’

ಹಿತ್ತಲ ಬಾಗಿಲು ಸಪ್ಪಳ ಮಾಡಿದ್ದು ಟೆಂಪೋದವನು. ಪೆಟ್ಟಿಗೆ ಎಂದರೆ ದೇವರ ಪೆಟ್ಟಿಗೆ. ಅದರಲ್ಲಿ ಆ ಮನೆತನದ ಸಾಲಿಗ್ರಾಮಗಳು. ಅಜ್ಜ ಮುತ್ತಜ್ಜರಿಂದ ಒಂದು ದಿನವೂ ನೈವೇದ್ಯ ತಪ್ಪಿಲ್ಲವಂತೆ. ಬೂಟಿನವರು ಬೂಟಿಗಾಗಿ, ಮನೆಯವರು ಮೈಲಿಗೆಗಾಗಿ, ನಾನು ನನ್ನ ಕಾಲಿಗಾಗಿ ಆ ಕೋಣೆಗೆ ಹೋಗಲಿಲ್ಲ. ಎಲ್ಲರೂ ಮರ್ಯಾದೆ ಮಾಡಿ ದೇವರನ್ನು ಒಳಗೆ ಹಾಕಿ ಬೀಗ ಜಡಿದಿದ್ದೆವು.

ಆಚಾರ್ರ ಹೆಂಡತಿ ನನ್ನ ಹತ್ತಿರ ಬಂದು ದೂರ ನಿಂತು ಕೈಮುಗಿದರು. ‘ನೋಡವಾ ತಾಯಿ, ದೇವರಿಗೆ ನೈವೇದ್ಯ ಆಗದ ಇವರು ನೀರೂ ಮುಟ್ಟಂಗಿಲ್ಲ. ನಿನ್ನೆ ಮಧ್ಯಾಹ್ನ ಉಂಡವರು. ಸಕ್ರಿ ಬ್ಯಾನಿ ಅದ, ಗುಳಿಗಿ ಊಟ ಇಲ್ಲದ ನುಂಗೋ ಹಂಗಿಲ್ಲ. ಏನರ ಮಾಡು’ ಎಂದರು.

ಮೊಹರು ನಾನೇ ಒತ್ತಿದ್ದು. ಆದರೆ ಸಾಹೇಬರ ಆದೇಶ ಇಲ್ಲದೆ ನಾನೇ ಒಡೆದರೆ ನನ್ನ ನೌಕರಿ ಹೋಗುತ್ತದೆ. ಶನಿವಾರ, ಭಾನುವಾರ ಕಚೇರಿ ಇಲ್ಲ. ಸೋಮವಾರದ ತನಕ ಎಂದರೆ ಈ ಮುದುಕರು ಉಳಿಯುವುದಿಲ್ಲ. ಅವರ ತುಟಿ ಆಗಲೇ ಒಣಗಿ ಬಿಳಿಚಿತ್ತು. ‘ಯಪ್ಪಾ, ಒಂದು ಗುಟುಕು ನೀರು ಕುಡೀರಿ, ನಾ ಫೋನ್ ಮಾಡಾಕತ್ತೀನಿ’ ಎಂದೆ.

‘ನಾ ಕುಡದ್ರ ಅವರು ಕುಡದಂಗ ಆಗ್ತದೇನು?’ ಎಂದು ಬೀಗದ ಕಡೆ ಕೈ ತೋರಿಸಿದರು.

ವ್ಯಾಪಾರಿಯೂ ಸುದ್ದಿ ಕೇಳಿ ಓಡಿ ಬಂದ. ‘ಮೇಡಂ, ಹಾಕಿದ ಬೀಗ ತಗೀಬ್ಯಾಡ್ರಿ, ಅಪಶಕುನ. ದೇವರು ಇದ್ರ ಇರ್ಲಿ, ಮನಿಗೆ ಛಲೋನ ಅಲ್ಲೇನು?’ ಎಂದ. ನನಗೆ ಮೈ ಉರಿಯಿತು. ‘ನಿಮ್ಮ ರಾಹುಕಾಲದಿಂದ ಇಷ್ಟೆಲ್ಲಾ ಆಗ್ಯದ. ಬಾಯಿ ಮುಚ್ಕೊಂಡು ಅಲ್ಲಿ ಗ್ವಾಡಿಗೆ ಆನಿಕೊಂಡು ನಿಂದರ್ರಿ’ ಎಂದೆ. ನಿಂತ.

ಆಗ ನಮ್ಮ ವಸೂಲಾತಿ ಅಧಿಕಾರಿ ಒಬ್ಬರು ಸರ್ದಾರ್ಜಿ. ಪಂಜಾಬಿನವರು, ಎರವಲು ಸೇವೆಯ ಮೇಲೆ ಬಂದಿದ್ದರು. ಕನ್ನಡ ಬಾರದು, ಮಾತು ಕಡಿಮೆ, ನಿಯಮ ಎಂದರೆ ನಿಯಮ. ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ವರದಿಯನ್ನು ಮುಖದ ಮೇಲೆ ಎಸೆಯುವವರು. ಅವರು ವಿಚಾರಣೆಯಲ್ಲಿದ್ದರು. ಫೋನು ಎತ್ತುವ ಹೊತ್ತಿಗೆ ಬಿಸಿಲು ಇಳಿಯತೊಡಗಿತ್ತು. ಅಲ್ಲಿಯ ತನಕ ಆಚಾರ್ರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ಹೆಂಡತಿ ಗಾಳಿ ಹಾಕುತ್ತಿದ್ದರು. ನಾನು ಎರಡು ಸಲ ಹತ್ತಿರ ಹೋಗಿ ಉಸಿರು ನೋಡಿ ಬಂದೆ.

ನಮ್ಮ ಕಡೆಯ ಉರ್ದು ಆವತ್ತು ನನ್ನ ಮಾನ ಕಾಯಿತು. ಸುತ್ತು ಬಳಸಿ ಹೇಳಲು ಹೋಗಲಿಲ್ಲ. ‘ಸರ್, ಬೀಗ ಹಾಕಿದ ಮನೆಯೊಳಗೆ ಅವರ ದೇವರು ಉಳಿದಿದ್ದಾರೆ’ ಎಂದೆ.

ಬಂತು ಇನ್ನು ಬೈಗುಳ ಎಂದು ಫೋನನ್ನು ಕಿವಿಯಿಂದ ದೂರ ಹಿಡಿದೆ.

‘ಅಕೇಲೇ?’ ಎಂದರು. ಒಬ್ಬರೇ ಇದ್ದಾರೆಯೇ ಎಂದು.

‘ಹೌದು ಸರ್. ಬೆಳಿಗ್ಗೆಯಿಂದ.’

‘ನಮ್ಮ ಗುರುದ್ವಾರದಲ್ಲಿ ಗ್ರಂಥಸಾಹೇಬರಿಗೆ ರಾತ್ರಿ ಹಾಸಿಗೆ ಹಾಸಿ ಮಲಗಿಸುತ್ತೇವೆ, ಬೇಟಾ. ಬೆಳಿಗ್ಗೆ ಎಬ್ಬಿಸುತ್ತೇವೆ. ಹೀಗೆ ಬಿಟ್ಟು ಬೀಗ ಹಾಕಿದರೆ ನಮ್ಮ ಮುದುಕರೂ ಉಣ್ಣುತ್ತಿರಲಿಲ್ಲ’ ಎಂದರು. ಅವರ ದನಿ ಹಾಗೆ ಮೆತ್ತಗಾಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮರುಕ್ಷಣ ಮತ್ತೆ ಸಾಹೇಬರಾದರು. ‘ಆದೇಶ ಬರೆದು, ಸಹಿ ಮಾಡಿ ಮೊಬೈಲಿಗೆ ಕಳಿಸುತ್ತೇನೆ. ಮೊಹರು ನೀನೇ ಒಡೆಯಬೇಕು. ಒಳಗೆ ನೀನೊಬ್ಬಳೇ ಹೋಗಬೇಕು, ಬೇರೆ ಯಾರ ಕಾಲೂ ಹೊಸ್ತಿಲು ದಾಟಕೂಡದು. ಪಂಚರು ಬಾಗಿಲಲ್ಲಿ ನಿಂತು ನೋಡಲಿ. ಆ ಪೆಟ್ಟಿಗೆ ಬಿಟ್ಟು ಇನ್ನೇನೂ ಹೊರಗೆ ಬರಕೂಡದು. ಮತ್ತೆ ಬೀಗ, ಮತ್ತೆ ಮೊಹರು’ ಎಂದರು.

ಹೂಂ ಎಂದು ಫೋನು ಇಟ್ಟ ಮೇಲೆ ನನಗೆ ಹೊಳೆಯಿತು. ನೀನೊಬ್ಬಳೇ! ಸಾಹೇಬರಿಗೇನು ಗೊತ್ತು ನಾನು ಯಾರು ಎಂದು? ಇಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಪವನಾಚಾರ್ರು ಆದೇಶ ಕೇಳಿ, ‘ನಾ ಹೋಗ್ತೀನಿ, ನಾ ಮಡಿಯಾಗ ಇದ್ದೀನಿ’ ಎಂದರು. ಆಗುವುದಿಲ್ಲ ಎಂದೆ. ‘ಹಂಗಾದ್ರ ಹ್ಯಾಂಗ?’ ಎಂದು ಅವರು ನನ್ನ ಮುಖ ನೋಡಿ, ಆಮೇಲೆ ನೆಲ ನೋಡಿದರು.

ನನಗೆ ಸಿಟ್ಟು ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಧ್ಯಾಹ್ನದಿಂದ ಇವರಿಗಾಗಿ ಊಟ ಬಿಟ್ಟು ಬಿಸಿಲಲ್ಲಿ ನಿಂತವಳು ನಾನು. ನೆಟ್ಟಗೆ ಶ್ಯಾಮಾಚಾರ್ರ ಮುಂದೆ ಹೋಗಿ ನಿಂತೆ. ‘ಯಪ್ಪಾ, ಮುಚ್ಚುಮರಿ ಬ್ಯಾಡ. ಒಳಗ ನಾ ಒಬ್ಬಾಕಿನ ಹೋಗಬೇಕು. ಪೆಟ್ಟಿಗಿ ನನ್ನ ಕೈಲಿ ಬರ್ತದ. ನಾ ಯಾರ ಮಗಳಂತ ನಿಮಗ ಗೊತ್ತದ. ಬ್ಯಾಡ ಅಂದ್ರ ಈಗ ಹೇಳ್ರಿ’ ಎಂದೆ.

ಆಚಾರ್ರು ಕಣ್ಣು ತೆರೆದು ನನ್ನನ್ನೇ ನೋಡಿದರು.

‘ಬೀಗ ಹಾಕಾಗ ನೀ ಯಾರ ಮಗಳಂತ ನಾ ಕೇಳ್ದೆನೇನು?’ ಎಂದರು. ‘ತಗ್ಯಾಗ ಯಾಕ ಕೇಳ್ಲಿ? ಹೋಗು. ಅವರು ಹಸದಾರ.’

ನಾನು ತಿರುಗಿ ಎರಡು ಹೆಜ್ಜೆ ಹಾಕಿದ್ದೆ. ‘ನಿಂದರವಾ’ ಎಂದರು. ಹೆಂಡತಿಗೆ ಸನ್ನೆ ಮಾಡಿದರು. ಅವರು ಎದುರು ಮನೆಯವರಿಂದ ಒಂದು ಧಾಬಳಿ ತರಿಸಿ ಕಟ್ಟೆಯ ಮೇಲೆ ಇಡಿಸಿದರು. ಉಣ್ಣೆಯ ಬಟ್ಟೆ ಅದು, ಅದಕ್ಕೆ ಮೈಲಿಗೆ ಹತ್ತುವುದಿಲ್ಲ ಎಂದು ಅವರ ನಂಬಿಕೆ. ‘ಇದರಾಗ ಸುತ್ತಿ ತಾ’ ಎಂದರು ಆಚಾರ್ರು. ಅಷ್ಟು ದೊಡ್ಡ ಮಾತು ಆಡಿದ ಮನುಷ್ಯ ಮರುಗಳಿಗೆಯಲ್ಲಿ ಧಾಬಳಿ ಕೊಟ್ಟರು. ಒಗೆದು ಹೋಗಿಬಿಡಲೇ ಅನಿಸಿತು. ಆದರೆ ಅವರ ಕಣ್ಣು ಬೀಗದ ಮೇಲೇ ಇತ್ತು. ಎತ್ತಿಕೊಂಡೆ.

ಮೊಹರು ಒಡೆದು ಒಳಗೆ ಹೋದೆ. ಆ ಕೋಣೆಯ ಹೊಸ್ತಿಲಲ್ಲಿ ಕಾಲು ಮತ್ತೆ ನಿಂತಿತು. ‘ನಡಿಯಲೇ’ ಎಂದು ನನಗೆ ನಾನೇ ಬೈದುಕೊಂಡು ದಾಟಿದೆ. ಸಣ್ಣ ಮರದ ಪೆಟ್ಟಿಗೆ, ಮುಂದೆ ಬಾಡಿದ ತುಳಸಿ. ನೋಡಲು ಇಷ್ಟೇ ಇಷ್ಟು, ಎತ್ತಿದರೆ ಕಲ್ಲಿನ ಭಾರ ತೋಳಿಗೆ ಇಳಿಯಿತು. ಧಾಬಳಿಯಲ್ಲಿ ಸುತ್ತಿ, ಎದೆಗೆ ಒತ್ತಿ ಹಿಡಿದು ಹೊರಗೆ ಬಂದೆ. ಪವನಾಚಾರ್ರು ಕಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸಿದ್ದರು. ಅದರ ಮೇಲೆ ಇಟ್ಟೆ. ಅವರು ಎತ್ತಿಕೊಂಡು ತಮ್ಮ ಮನೆಗೆ ಓಡುವಂತೆ ನಡೆದರು.

ನಾನು ಬೀಗ ಹಾಕಿ, ಮೊಹರು ಮಾಡಿ, ಪಂಚರ ಸಹಿ ತೆಗೆದುಕೊಳ್ಳುವಷ್ಟರಲ್ಲಿ ಅವರ ಓಣಿಯಿಂದ ಗಂಟೆಯ ಸದ್ದು ಬಂತು. ಆಚಾರ್ರು ನೀರಿಗೆ ಕೈ ಚಾಚಿದರು. ಅಷ್ಟು ನೋಡಿ ಹೊರಟೆ. ರಾಯಚೂರಿನಲ್ಲಿ ಆಮೇಲೆ ಈ ಕತೆಗೆ ರೆಕ್ಕೆಪುಕ್ಕ ಬಂದವು. ಪೆಟ್ಟಿಗೆ ತಾನಾಗಿ ಬಾಗಿಲಿಗೆ ಬಂತು ಎಂದವರೂ ಇದ್ದಾರೆ. ನನ್ನ ತೋಳಿಗೆ ಗೊತ್ತು ಯಾರು ಹೊತ್ತದ್ದು ಎಂದು. ಮನೆಯೇ ಹೋಯಿತಲ್ಲ, ಅದನ್ನು ಯಾವ ದೇವರೂ ತಡೆಯಲಿಲ್ಲ. ಸೋಮವಾರ ವ್ಯಾಪಾರಿಯ ಕೈಗೆ ಕೀಲಿ ಕೊಟ್ಟೆ. ರಾಹುಕಾಲ ನೋಡಿಯೇ ಇಸಿದುಕೊಂಡ.

ಒಂದು ಪ್ರಶ್ನೆ ಮಾತ್ರ ನನ್ನೊಳಗೆ ಮುಳ್ಳಿನಂತೆ ಉಳಿದಿತ್ತು. ನಿವೃತ್ತಳಾಗಿ ರಾಯಚೂರಿಗೆ ಬಂದು ನೆಲೆಸಿದ ಮೇಲೆ ಒಂದು ದಿನ ಯರಗೇರಾ ಕಡೆಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬರು ಮುದುಕರು, ಕೈಯಲ್ಲಿ ಬಟ್ಟೆಯ ಚೀಲ. ಶ್ಯಾಮಾಚಾರ್ರು. ಸೊರಗಿದ್ದರು, ಕಣ್ಣು ಮಾತ್ರ ಅವೇ. ನಾನು ಮಾತಾಡಿಸುವ ಮೊದಲೇ, ‘ಪೋತ್ನಾಳ ಸಾಲಿಯಾಕಿ ಅಲ್ಲೇನು?’ ಎಂದರು. ಮಗ ಯರಗೇರಾದಲ್ಲಿ ಬಾಡಿಗೆ ಮನೆ ಹಿಡಿದಿದ್ದಾನಂತೆ. ಮೊಮ್ಮಗ ಶಾಲೆಗೆ ಹೋಗುತ್ತಾನಂತೆ.

ತಡೆಯಲಾಗಲಿಲ್ಲ, ಕೇಳಿಯೇ ಬಿಟ್ಟೆ. ‘ಆಚಾರ್ರ, ನಾ ಪೆಟ್ಟಿಗಿ ಮುಟ್ಟಿದ ಮ್ಯಾಲ ಶುದ್ಧಿ ಮಾಡಿಸಿದ್ರೇನ್ರಿ?’

‘ಮಾಡಿಸಿದೆ’ ಎಂದರು. ಒಂದು ಗಳಿಗೆಯೂ ಯೋಚಿಸಲಿಲ್ಲ. ‘ಸುಳ್ಳು ಯಾಕ ಹೇಳ್ಲಿ? ಸಿಟ್ಟು ಬಂತೇನು?’

‘ಬಂತ್ರಿ.’

‘ಬರಬೇಕು’ ಎಂದರು.

ವಸೂಲಾತಿಗೆ ಹೋದ ಪ್ರತಿ ಬಾಗಿಲಲ್ಲೂ ನನಗೆ ಸುಳ್ಳು ಹೇಳಿದವರೇ. ಯಜಮಾನರು ಊರಲ್ಲಿಲ್ಲ, ಕೀಲಿ ಕಳೆದಿದೆ, ಮೋಟಾರು ರಿಪೇರಿಗೆ ಹೋಗಿದೆ. ಈ ಮನುಷ್ಯ ಇದೊಂದು ಮಾತಿಗಾದರೂ ಇಲ್ಲ ಎಂದಿದ್ದರೆ ನನಗೆ ಹಿತವಾಗುತ್ತಿತ್ತು. ಅವರು ಅನ್ನಲಿಲ್ಲ. ಸಿಟ್ಟಿನ ಜೊತೆಗೇ ಒಂದು ಸಮಾಧಾನವೂ ಆಯಿತು. ಅದು ಹೇಗೆ ಎಂದು ಕೇಳಿದರೆ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಬಸ್ಸು ಬಂತು. ನೂಕಾಡಿ ಹತ್ತಿದೆವು. ಇಬ್ಬರ ಸೀಟಿನಲ್ಲಿ ಆಚಾರ್ರು ಕಿಟಕಿಯ ಕಡೆ ಸರಿದು, ‘ಕೂಡು’ ಎಂದರು. ಕೂತೆ. ಭುಜಕ್ಕೆ ಭುಜ ತಾಗುತ್ತಿತ್ತು. ಕಂಡಕ್ಟರ್ ಬಂದ. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ನಾನು ಆಧಾರ್ ಕಾರ್ಡು ತೋರಿಸಿದೆ. ಆಚಾರ್ರು ಒಳಜೇಬಿನಿಂದ ದುಡ್ಡು ತೆಗೆಯಬೇಕಿತ್ತು. ಬಸ್ಸು ಅಲುಗಾಡುತ್ತಿತ್ತು, ಒಂದು ಕೈಯಲ್ಲಿ ಚೀಲ.

‘ಹಿಡೀ ಇದನ್ನ’ ಎಂದು ಚೀಲವನ್ನು ನನ್ನ ತೊಡೆಯ ಮೇಲೆ ಇಟ್ಟರು.

ಇಷ್ಟೇ ಇಷ್ಟು ಚೀಲ, ಕಲ್ಲಿನ ಭಾರ. ನನ್ನ ತೋಳಿಗೆ ತಕ್ಷಣ ಗುರುತು ಹತ್ತಿತು. ಬಟ್ಟೆಯ ಮೇಲಿಂದಲೇ ಪೆಟ್ಟಿಗೆಯ ಮೂಲೆ ಅಂಗೈಗೆ ಒತ್ತುತ್ತಿತ್ತು. ಧಾಬಳಿ ಇರಲಿಲ್ಲ.

‘ಆಚಾರ್ರ, ಇದು...’ ಎಂದೆ.

‘ಹೂಂ, ಅದೇ. ನಾ ಎಲ್ಲಿ ಹೋದ್ರೂ ನನ್ನ ಜೋಡಿನ ಇರ್ತದ. ಗಟ್ಟಿ ಹಿಡಕೋ. ಮುಂದ ರಸ್ತಾ ಸರಿ ಇಲ್ಲ.’

ಟಿಕೆಟ್ಟು ತೆಗೆದುಕೊಂಡರು. ಚಿಲ್ಲರೆ ಎಣಿಸಿ ಒಳಜೇಬಿಗೆ ಹಾಕಿದರು. ಎರಡೂ ಕೈ ಖಾಲಿಯಾದ ಮೇಲೂ ಕಿಟಕಿಯ ಆಚೆ ಗದ್ದೆ ನೋಡುತ್ತಾ ಕೂತರು. ಯರಗೇರಾ ಬರುವ ತನಕ ಚೀಲ ವಾಪಸು ಕೇಳಲಿಲ್ಲ.